ನಮ್ಮ ಶಾಲೆಯ ಸಿದ್ದಿ ಮಕ್ಕಳಿಗೆ ಪುಸ್ತಕ ಮಾಡಬೇಕು: ಆಫ್ರಿಕಾದಿಂದ ಶುರು ಮಾಡಲಾ, ಕೌದಿಯಿಂದಲಾ?

ಖಾನಾಪುರ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ನಲಿಕಲಿ ಮಕ್ಕಳಿಗೆ ಕಲಿಸುತ್ತೇನೆ. ಒಟ್ಟು 23 ಮಕ್ಕಳು, ಅದರಲ್ಲಿ ಒಂಬತ್ತು ಮಕ್ಕಳು ಸಿದ್ದಿಗಳು, ಆಫ್ರಿಕಾ ಮೂಲದ ಸಮುದಾಯದವರು. ಮನೆಯಲ್ಲಿ ಕೊಂಕಣಿ, ಅಂಗಡಿಗೆ ಹೋದರೆ ಮರಾಠಿ, ಶಾಲೆಗೆ ಬಂದರೆ ಕನ್ನಡ. ಮೂರೂ ಮಾತಾಡುತ್ತಾರೆ, ಆದರೆ ಪುಸ್ತಕ ಕೈಗೆ ಕೊಟ್ಟರೆ ಸುಮ್ಮನಾಗಿಬಿಡುತ್ತಾರೆ.

ಕಳೆದ ತಿಂಗಳು ಓದುವ ಮೂಲೆಯ ಪುಸ್ತಕಗಳನ್ನೆಲ್ಲ ಚಾಪೆ ಮೇಲೆ ಹರಡಿ, ನಿಮ್ಮ ಹಾಗೆ ಕಾಣುವವರು ಎಲ್ಲಿದ್ದಾರೆ ಹುಡುಕಿ ಅಂದೆ. ಒಬ್ಬನಿಗೆ ಹಲ್ಲು ಬಿದ್ದ ಹುಡುಗ ಸಿಕ್ಕಿದ, ಇನ್ನೊಬ್ಬಳಿಗೆ ಎರಡು ಜಡೆಯವಳು ಸಿಕ್ಕಳು. ಎರಡನೇ ತರಗತಿಯ ಒಬ್ಬ ಸಿದ್ದಿ ಹುಡುಗಿ ಒಂದೊಂದೇ ಪುಸ್ತಕ ತೆಗೆದು, ಪ್ರತಿ ಪುಟ ತಿರುವಿ, ಮತ್ತೆ ಜೋಡಿಸಿಟ್ಟು ಬಂದು ನನ್ನ ಹತ್ತಿರ ನಿಂತಳು. "ಅಕ್ಕೋರೆ, ಇದ್ರಾಗ ನಾ ಇಲ್ರಿ" ಅಂದಳು. ಅತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಪೆನ್ಸಿಲ್ ಇಲ್ರಿ ಅನ್ನುವ ಹಾಗೇ ಹೇಳಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದಾಗಿ ಒಂದು ವಾರಕ್ಕೆ ಜೋರು ಮಳೆ. ಇದೇ ಹುಡುಗಿ ಅಜ್ಜಿ ಹೊಲಿದ ಕೌದಿ ಹೊದ್ದುಕೊಂಡು ಬಂದಳು. ಅದು ಯಾರ ಸೀರೆ, ಇದು ಯಾರ ಅಂಗಿ ಅಂತ ಮಕ್ಕಳು ಕೇಳಿದ್ದೇ ತಡ, ಒಂದು ಸಾಲು ಓದಲು ಒಲ್ಲದವಳು ಕಾಲು ಗಂಟೆ ಮಾತಾಡಿದಳು. ಕೆಂಪು ತುಂಡು ಅಪ್ಪನ ಹಳೇ ಅಂಗಿ, ಹಸಿರು ತುಂಡು ತೀರಿಹೋದ ಚಿಕ್ಕಮ್ಮನ ಸೀರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿದಿರುತ್ತಾರಲ್ಲ, ಅದಕ್ಕೆ ಅವರು ಫುಲ ಅನ್ನುತ್ತಾರೆ, ಹೂವು ಅಂತ. ಫುಲ ಹಚ್ಚದಿದ್ದರೆ ಕೌದಿ ಬತ್ತಲೆ ಅಂತೆ, ಅಜ್ಜಿ ಹೇಳಿದ್ದು.

ಆಗಲೇ ಮನಸ್ಸು ಮಾಡಿದೆ, ಈ ಮಕ್ಕಳಿಗೆ ಪುಸ್ತಕ ಮಾಡಬೇಕು ಅಂತ. ಮೊದಲು ಹೊಳೆದದ್ದು ಆಫ್ರಿಕಾದ ಕತೆಗಳು. ಇವರ ಹಿರಿಯರು ಅಲ್ಲಿಂದ ಬಂದವರು, ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಆದರೆ ಸಿಂಹ, ಆನೆ, ಡೋಲು ಬರೆದು ಇದು ನಿಮ್ಮ ಆಫ್ರಿಕಾ ಅಂತ ಕೊಟ್ಟರೆ ಆ ಹುಡುಗಿ ಅದರಲ್ಲಿ ಇರುತ್ತಾಳಾ? ಗೊತ್ತಾಗುತ್ತಿಲ್ಲ. ನಿಜವಾದ ಕತೆ ಎಲ್ಲಿ ಸಿಗುತ್ತದೆ, ಚಿತ್ರ ಹೇಗೆ ಬರೆಸಬೇಕು, ಕಡಿಮೆ ದುಡ್ಡಿನಲ್ಲಿ ಹೇಗೆ ಅಚ್ಚು ಹಾಕಿಸಬೇಕು, ತಿಳಿದವರು ಹೇಳಿ. ಕಪಾಟಿನಲ್ಲಿ ಕೂರುವ ಪುಸ್ತಕ ಬೇಡ, ಮಕ್ಕಳು ಓದಬೇಕು.

ಪಂಚಾಯಿತಿ_ಗ್ರಂಥಾಲಯ_ವಿಜಯಪುರ

ಅಕ್ಕೋರೆ, ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ವಿಜಯಪುರ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. 2020ರಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳು ಬರುವುದು ಜಾಸ್ತಿಯಾಗಿದೆ. ಅವರಿಂದ ಕಲಿತದ್ದನ್ನೇ ಹೇಳುತ್ತೇನೆ.

ಕತೆ ಬೇಕು ಅಂದರೆ ಎರಡು ಕಡೆ ನೋಡಿ. ದಕ್ಷಿಣ ಆಫ್ರಿಕಾದ ಸೈಡ್ ಎಂಬ ಸಂಸ್ಥೆ ನಡೆಸುವ ಆಫ್ರಿಕನ್ ಸ್ಟೋರಿಬುಕ್ ಅಂತ ಇದೆ. ಆಫ್ರಿಕಾದ ಶಿಕ್ಷಕರು, ಗ್ರಂಥಪಾಲಕರು ತಮ್ಮ ತಮ್ಮ ಭಾಷೆಯಲ್ಲಿ ಬರೆದ ಸಣ್ಣ ಸಣ್ಣ ಚಿತ್ರಪುಸ್ತಕಗಳು ಅಲ್ಲಿವೆ. ಎಲ್ಲವೂ ಉಚಿತ. ಇನ್ನೊಂದು ನಮ್ಮ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್. ಆಫ್ರಿಕಾದ ಆ ಕತೆಗಳಲ್ಲಿ ಎಷ್ಟೋ ಅಲ್ಲೂ ಸಿಗುತ್ತವೆ, ಕನ್ನಡದಲ್ಲೂ ಪುಸ್ತಕಗಳಿವೆ. ನೀವೇ ಅನುವಾದ ಮಾಡಬಹುದು, ಕೊಂಕಣಿಗೂ ಮಾಡಬಹುದು, ಅಚ್ಚು ಹಾಕಿ ಮಕ್ಕಳಿಗೆ ಕೊಡಬಹುದು. ಬರೆದವರ, ಚಿತ್ರ ತೆಗೆದವರ ಹೆಸರು ಮಾತ್ರ ತಪ್ಪದೇ ಹಾಕಬೇಕು. ಪ್ರತಿ ಪುಸ್ತಕದಲ್ಲಿ ಲೈಸೆನ್ಸ್ ಬರೆದಿರುತ್ತಾರೆ, ಅದನ್ನು ಓದಿ. ಕೆಲವನ್ನು ಮಾರುವ ಹಾಗಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಆಫ್ರಿಕಾದ ಕತೆ" ಅಂತ ಮುಖಪುಟದ ಮೇಲೆ ಹಾಕಬೇಡಿ. ಅದು 54 ದೇಶಗಳ ಖಂಡ. ನಮ್ಮ ಜನಪದ ಕತೆಯನ್ನು "ಏಷ್ಯಾದ ಕತೆ" ಅಂದರೆ ಹೇಗಿರುತ್ತದೆ? ಘಾನಾದ ಅಕಾನ್ ಜನರ ಕತೆ, ನೈಜೀರಿಯಾದ ಯೊರುಬಾ ಜನರ ಆಮೆಯ ಕತೆ, ಕೀನ್ಯಾದ ಮೊಲದ ಕತೆ, ಹೀಗೆ ಊರು, ಜನ, ಭಾಷೆ ಹಾಕಿ.

ಓದಿಸುವುದರ ಬಗ್ಗೆ ಹೇಳುತ್ತೇನೆ. ನಮ್ಮ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು, ಅಲ್ವಾ? ಸ್ವಾಹಿಲಿ ಮಾತಾಡುವ ಕಡೆಗೂ ಹೀಗೇ ಇದೆ. ಹೇಳುವವರು "ಪೌಕ್ವಾ!" ಅಂದರೆ ಕೇಳುವವರು "ಪಾಕಾವಾ!" ಅನ್ನಬೇಕು, ಆಮೇಲೇ ಕತೆ. ನಾನು ಇದನ್ನು ಶನಿವಾರದ ಕತೆ ಹೊತ್ತಿಗೆ ಹಚ್ಚಿದೆ. ಮೊದಲ ದಿನ ಏಳು ಮಕ್ಕಳು ಕೂಗಿದರು, ಮೂರನೇ ವಾರಕ್ಕೆ ಹೊರಗೆ ಗೋಲಿ ಆಡುತ್ತಿದ್ದವರೂ ಒಳಗೆ ಬಂದು "ಪಾಕಾವಾ" ಅನ್ನತೊಡಗಿದರು. ಪುಸ್ತಕದಲ್ಲೂ ಇಂಥ ಜಾಗ ಬಿಡಿ. ಎರಡು ಪುಟಕ್ಕೊಮ್ಮೆ ಅದೇ ಸಾಲು ಮತ್ತೆ ಬರಲಿ. ಅಕ್ಷರ ಬಾರದ ಮಗುವೂ ಆ ಸಾಲು ಬಂದಾಗ ಬೆರಳಿಟ್ಟು ಓದುತ್ತದೆ. ಮೊದಲು ಬಾಯಿಪಾಠ ಆಗಿರುತ್ತದೆ, ಆಮೇಲೆ ನಿಜವಾಗಿ ಓದಲು ಬರುತ್ತದೆ.

ಒತ್ತಕ್ಷರದ ಮೇಲೂ ಕಣ್ಣಿಡಿ. ನಾನು ಕನ್ನಡಕ್ಕೆ ತಂದ ಒಂದು ಕತೆಯಲ್ಲಿ ಮೊದಲ ಸಾಲಿಗೇ "ದಟ್ಟಾರಣ್ಯ" ಅಂತ ಹಾಕಿದ್ದೆ. ಮಕ್ಕಳು ಅಲ್ಲೇ ನಿಂತರು. "ದೊಡ್ಡ ಕಾಡು" ಅಂತ ಮಾಡಿದ ಮೇಲೆ ಮುಂದೆ ಹೋದರು.

ಇನ್ನೊಂದು, ನಿಮ್ಮ ಬಿಳಿ ಜೋಳದ ರೊಟ್ಟಿಯನ್ನು ಮರೆಯಬೇಡಿ. ಜೋಳದ ತವರು ಆಫ್ರಿಕಾ, ಸುಡಾನ್ ಕಡೆಯ ನೆಲ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ರಾಗಿ, ಸಜ್ಜೆ, ಅಲಸಂದಿ ಕೂಡ ಹಾಗೇ ಬಂದವು. ಸುಡಾನ್‌ನಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಕಾವಲಿ ಮೇಲೆ ಎರೆದು ಕಿಸ್ರಾ ಮಾಡುತ್ತಾರೆ. ಬೋಟ್ಸ್ವಾನಾದಲ್ಲಿ ಟಿಂಗ್ ಅಂತ ಹುಳಿ ಗಂಜಿ ಮಾಡುತ್ತಾರೆ, ನಮ್ಮ ಅಂಬಲಿಯ ಅಕ್ಕತಂಗಿ. ಇದನ್ನು ನಮ್ಮ ಮಕ್ಕಳಿಗೆ ಹೇಳಿದಾಗ ಒಬ್ಬ ಹುಡುಗ ಡಬ್ಬಿ ತೆಗೆದು ತನ್ನ ರೊಟ್ಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ. ಆ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಿಮ್ಮ 23 ಮಕ್ಕಳೂ ತಿನ್ನುವ ಊಟದಿಂದ ಪುಸ್ತಕ ಶುರುವಾದರೆ, ಆಫ್ರಿಕಾ ಬರೀ ಒಂಬತ್ತು ಮಕ್ಕಳದ್ದಾಗಿ ಉಳಿಯುವುದಿಲ್ಲ.

ಇಳಕಲ್_ಚಿತ್ರಕಲೆ

ಟೀಚರ್, ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಚಿತ್ರದ ಬಗ್ಗೆ ಹೇಳುತ್ತೇನೆ.

ಮೊದಲು ಬಣ್ಣ. ಕಪ್ಪು ಮೈಬಣ್ಣ ಅಂದರೆ ಕಪ್ಪು ಕ್ರೆಯಾನ್ ತಿಕ್ಕುವುದಲ್ಲ. ಹಾಗೆ ಮಾಡಿದರೆ ಕಣ್ಣು, ಹಲ್ಲು ಬಿಟ್ಟು ಮುಖವೇ ಮಾಯ. ಕೆನ್ನೆ ಎಲ್ಲಿ, ಗದ್ದ ಎಲ್ಲಿ, ನಗುತ್ತಿದ್ದಾಳಾ ಮುನಿಸಿಕೊಂಡಿದ್ದಾಳಾ ಒಂದೂ ಕಾಣುವುದಿಲ್ಲ. ಕಂದು ಬಣ್ಣಕ್ಕೆ ಸ್ವಲ್ಪ ಕೆಂಪು, ಸ್ವಲ್ಪ ಹಳದಿ ಸೇರಿಸಿ ತಳಬಣ್ಣ ಮಾಡಿ, ನೆರಳಿಗೆ ಕಪ್ಪಿನ ಬದಲು ಕಡುನೀಲಿ ಹಾಕಿ. ಹಣೆ, ಮೂಗಿನ ತುದಿ, ಕೆನ್ನೆ ಮೇಲೆ ಬೆಳಕು ಬಿಡಿ. ಒಂಬತ್ತು ಮಕ್ಕಳಿದ್ದರೆ ಒಂಬತ್ತು ಕಂದು ಇರುತ್ತವೆ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡೇ ಬಣ್ಣ ಬೆರೆಸಿ. ಕೂದಲನ್ನು ಸುಮ್ನೆ ಗೀಚಬೇಡಿ, ಸಣ್ಣ ಸಣ್ಣ ಸುರುಳಿ ಹಾಕಿ. ತಾಯಂದಿರು ಎಣ್ಣೆ ಹಚ್ಚಿ ಬೈತಲೆ ತೆಗೆದು ಹೆಣೆಯುವುದನ್ನು ಹತ್ತಿರ ಕೂತು ನೋಡಿ ಬರೆಯಿರಿ.

ಕತೆಗೆ ಒಂದು ಸಲಹೆ. ಘಾನಾದಲ್ಲಿ ಕುಮಾಸಿ ಹತ್ತಿರ ಬೊನ್ವೈರ್ ಅಂತ ನೇಕಾರರ ಊರಿದೆ. ಅಲ್ಲಿ ಕೆಂಟೆ ಬಟ್ಟೆ ನೇಯುತ್ತಾರೆ. ಅಂಗೈ ಅಗಲದ ಪಟ್ಟಿಗಳನ್ನು ನೇಯ್ದು ಆಮೇಲೆ ಒಂದಕ್ಕೊಂದು ಹೊಲಿಯುತ್ತಾರೆ. ಅನಾನ್ಸಿ ಎಂಬ ಜೇಡ ಬಲೆ ಹೆಣೆಯುವುದನ್ನು ನೋಡಿ ಇಬ್ಬರು ಅಣ್ಣತಮ್ಮಂದಿರು ನೇಯ್ಗೆ ಕಲಿತರು ಅಂತ ಅವರ ಐತಿಹ್ಯ. ನಮ್ಮ ಮನೆಯಲ್ಲೇ ಮಗ್ಗ ಇದೆ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಜೇಡದಿಂದ ಕಲಿತರು ಅಂದರೆ ನಾನು ತಕ್ಷಣ ನಂಬುತ್ತೇನೆ.

ಈ ಅನಾನ್ಸಿಯ ಕತೆಗಳು ಮಕ್ಕಳಿಗೆ ಬಹಳ ಹಿಡಿಸುತ್ತವೆ. ಮೊದಲು ಕತೆಗಳೆಲ್ಲ ಆಕಾಶದ ದೇವರು ನ್ಯಾಮೆಯ ಹತ್ತಿರ ಇದ್ದವಂತೆ. ಅವನ್ನು ಕೊಳ್ಳಲು ಜೇಡ ಹೋದಾಗ ಅವನು ಕೇಳಿದ ಬೆಲೆಯಲ್ಲಿ ಕಣಜದ ಹುಳಗಳೂ ಇದ್ದವು. ಜೇಡ ಏನು ಮಾಡಿತು? ಸೋರೆಬುರುಡೆ ತುಂಬ ನೀರು ತಂದು ಅರ್ಧ ತನ್ನ ಮೇಲೆ ಸುರಿದುಕೊಂಡು, ಇನ್ನರ್ಧ ಕಣಜದ ಗೂಡಿನ ಮೇಲೆ ಚೆಲ್ಲಿ, ತಲೆ ಮೇಲೆ ಬಾಳೆ ಎಲೆ ಹಿಡಿದು ನಿಂತಿತು. "ಮಳೆ ಬಂತು, ಈ ಬುರುಡೆಯೊಳಗೆ ಬನ್ನಿ" ಅಂದಿತು. ಅವು ಒಳಗೆ ಹೋದವು, ಇದು ಬಾಯಿ ಮುಚ್ಚಿತು. ಸೋರೆಬುರುಡೆ, ಬಾಳೆ ಎಲೆ, ಮಳೆ, ಕಣಜ, ಇದರಲ್ಲಿ ಖಾನಾಪುರದ ಮಕ್ಕಳಿಗೆ ಗೊತ್ತಿಲ್ಲದ್ದು ಯಾವುದಿದೆ ಹೇಳಿ!

ಘಾನಾದಲ್ಲೇ ಮೆಶಾಕ್ ಅಸಾರೆ ಅಂತ ಇದ್ದಾರೆ. ಮೇಷ್ಟರಾಗಿದ್ದವರು, ಮಕ್ಕಳ ಪುಸ್ತಕಗಳನ್ನು ತಾವೇ ಬರೆದು ತಾವೇ ಚಿತ್ರ ಹಾಕಿದವರು. 2015ರಲ್ಲಿ ಅವರಿಗೆ ಮಕ್ಕಳ ಸಾಹಿತ್ಯದ ಎನ್‌ಎಸ್‌ಕೆ ನ್ಯೂಸ್ಟಾಟ್ ಬಹುಮಾನ ಬಂತು. ಟೀಚರ್ ಆಗಿದ್ದುಕೊಂಡು ಇದೆಲ್ಲ ಆಗುತ್ತಾ ಅಂತ ಹಿಂಜರಿಯಬೇಡಿ ಅಂತ ಹೇಳಿದೆ.

ಮುಖಪುಟಕ್ಕೆ ಮಕ್ಕಳು ಸಿದ್ದಿಗಳ ಡೋಲು ಡಮಾಮಿ ಬಾರಿಸುತ್ತ ಕುಣಿಯುವ ಚಿತ್ರ ಚೆನ್ನಾಗಿರುತ್ತದೆ. ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಘಟ್ಟದ_ಹುಡುಗಿ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಬೇಕೋ ಬೇಡವೋ ಅಂತ. ನಾನು ಸಿದ್ದಿ. ಬೆಳಗಾವಿಯಲ್ಲಿ ಬಿ.ಎಡ್. ಓದುತ್ತಿದ್ದೇನೆ.

ಅಕ್ಕಾ, ನೀವು ಇದನ್ನು ಮಾಡುತ್ತಿರುವುದಕ್ಕೆ ತುಂಬಾ ಸಂತೋಷ. ಡ್ರಾಯಿಂಗ್ ಸರ್, ನಿಮ್ಮ ಒಳ್ಳೆಯ ಮನಸ್ಸೂ ಗೊತ್ತಾಯಿತು. ಆದರೆ ಮುಖಪುಟಕ್ಕೆ ಕುಣಿಯುವ ಚಿತ್ರ ದಯವಿಟ್ಟು ಬೇಡ. ನಮ್ಮನ್ನು ಕರೆಯುವುದೇ ಕುಣಿಯಲಿಕ್ಕೆ. ಉತ್ಸವ, ಮೆರವಣಿಗೆ, ಸ್ವಾಗತ, ಎಲ್ಲಿ ನೋಡಿದರೂ ಎಲೆ ಕಟ್ಟಿಕೊಂಡು ಕುಣಿಯುವ ನಮ್ಮ ಫೋಟೋ. ಡಮಾಮಿ ನಮಗೆ ಪ್ರೀತಿಯದ್ದು, ನಮ್ಮ ಮಾವ ಬಾರಿಸುತ್ತಾನೆ. ಅವನೇ ಬೆಳಿಗ್ಗೆ ಎದ್ದು ಗದ್ದೆಗೂ ಹೋಗುತ್ತಾನೆ, ಆಧಾರ್ ತಿದ್ದಿಸಲು ಸರತಿಯಲ್ಲೂ ನಿಲ್ಲುತ್ತಾನೆ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ನಾನು ಓದಿದ ಶಾಲೆಯಲ್ಲಿ ಪ್ರತಿ ವರ್ಷ ಗ್ಯಾದರಿಂಗ್ ನಾಟಕದಲ್ಲಿ ನನಗೆ ರಾಕ್ಷಸಿಯ ಪಾತ್ರ. ಮೇಕಪ್ ಬೇಕಾಗಿಲ್ಲ ಅಂತ ಎಲ್ಲರೂ ನಗುತ್ತಿದ್ದರು. ಐದನೇ ತರಗತಿಯಲ್ಲಿ ನಾನು ರಾಣಿ ಆಗುತ್ತೇನೆ ಅಂದೆ, ಇಲ್ಲ ಅಂದರು. ಈಗಲೂ ಬಸ್ಸಿನಲ್ಲಿ ನನ್ನ ಜೊತೆ ಇಂಗ್ಲಿಷ್‌ನಲ್ಲಿ ಮಾತು ಶುರು ಮಾಡುತ್ತಾರೆ, ಯಾವ ದೇಶ ಅಂತ. ಖಾನಾಪುರ ಅಂದರೆ ನಂಬುವುದಿಲ್ಲ. ಅದಕ್ಕೇ ಕೇಳುತ್ತೇನೆ, ಮೊದಲ ಪುಸ್ತಕದ ಮೇಲೆ ಆಫ್ರಿಕಾ ಅಂತ ಬರೆದರೆ ಆ ಹುಡುಗಿಯ ಪಕ್ಕ ಕೂರುವ ಮಕ್ಕಳು ಏನು ಓದಿಕೊಳ್ಳುತ್ತಾರೆ? ಇವಳು ಇಲ್ಲಿಯವಳಲ್ಲ ಅಂತ. ನಾವು ಇಲ್ಲಿಯವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯ ನಾವು ಸೇರಿದ್ದು 2020ರಲ್ಲಿ. ಹದಿನೇಳು ವರ್ಷ, ಒಂದೇ ಕಾಡಿನ ಈ ಕಡೆ ಇದ್ದೆವು ಅನ್ನುವುದಕ್ಕೆ. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ಹೋದರು. ಅವತ್ತು ನಮ್ಮ ಮನೆಯಲ್ಲಿ ಟಿವಿ ಆರಿಸಲೇ ಇಲ್ಲ.

ನನ್ನ ಮಾತು ಇಷ್ಟು. ಮೊದಲ ಪುಸ್ತಕದಲ್ಲಿ ಆ ಹುಡುಗಿ ಖಾನಾಪುರದ ಸಂತೆಗೆ ಹೋಗಲಿ. ಅಜ್ಜಿ ಕೌದಿ ಹೊಲಿಯಲಿ. ಮಳೆ ಬರಲಿ, ಶಾಲೆಗೆ ತಡವಾಗಲಿ. ಅವಳು ಯಾರು ಅಂತ ಪುಸ್ತಕ ವಿವರಿಸುವುದು ಬೇಡ, ಅವಳು ಅಲ್ಲಿ ಇದ್ದರೆ ಸಾಕು. ಆಮೇಲೆ ಎರಡನೇ, ಮೂರನೇ ಪುಸ್ತಕದಲ್ಲಿ ಜೇಡ ಬರಲಿ, ಸಮುದ್ರ ದಾಟಿ ಬಂದ ಅಜ್ಜನೂ ಬರಲಿ. ಆಗ ಆಫ್ರಿಕಾ ನಮಗೆ ಹೆಮ್ಮೆಯಾಗುತ್ತದೆ. ನನಗೂ ಆ ಜೇಡದ ಕತೆ ಬೇಕು, ಚಿಕ್ಕವಳಿದ್ದಾಗಲೇ ಬೇಕಿತ್ತು.

ಒಂದೊಂದು ಪುಟದಲ್ಲಿ ಕನ್ನಡದ ಕೆಳಗೆ ನಮ್ಮ ಕೊಂಕಣಿಯನ್ನೂ ಕನ್ನಡ ಅಕ್ಷರದಲ್ಲೇ ಹಾಕಿ. ಅದು ಗೋವಾದ ಕೊಂಕಣಿ ಅಲ್ಲ, ನಮ್ಮದೇ ಬೇರೆ. ಮನೆಯವರನ್ನು ಕೇಳಿ ಬರೆಯಿರಿ. ನಾನೂ ನೋಡಿಕೊಡುತ್ತೇನೆ.

ಇಳಕಲ್_ಚಿತ್ರಕಲೆ

ತಂಗೀ, ನನ್ನದು ತಪ್ಪಾಯಿತು. ಯಾರು ಕೇಳಿದ್ದರೂ ಮೊದಲು ನಾನು ಅದೇ ಚಿತ್ರ ಬರೆಯುತ್ತಿದ್ದೆ, ಯಾಕೆ ಅಂತ ಈಗ ಯೋಚಿಸುತ್ತಿದ್ದೇನೆ. ಮುಖಪುಟಕ್ಕೆ ಕೌದಿಯ ಒಂದು ಮೂಲೆ ಬರೆಯುತ್ತೇನೆ, ಅದರಡಿಯಿಂದ ಹುಡುಗಿಯ ಎರಡು ಪಾದ ಹೊರಗೆ ಕಾಣಲಿ. ಮುಖ ಒಳಪುಟದಲ್ಲಿ. ಕರಡು ಬರೆದು ನಿನಗೇ ಮೊದಲು ಕಳಿಸುತ್ತೇನೆ, ನೀನು ಹೂಂ ಅಂದ ಮೇಲೇ ಬಣ್ಣ.

ಗುಮ್ಮಟದ_ನೆರಳು

ಘಟ್ಟದ ಹುಡುಗಿಯವರು ರಾಣಿಯ ಪಾತ್ರ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ವಿಜಯಪುರದವನು, ಇತಿಹಾಸ ಓದುವವನು. ಗೋಳಗುಮ್ಮಟಕ್ಕೆ ಶಾಲೆ ಮಕ್ಕಳು ಪ್ರವಾಸ ಬರುತ್ತಾರೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹೋಗುತ್ತಾರೆ. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ವಜೀರ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು ಅಂತ ಎಷ್ಟು ಮಕ್ಕಳಿಗೆ ಗೊತ್ತು? ಸುಮಾರು 1645ರ ಒಂದು ಚಿತ್ರ ಉಳಿದಿದೆ. ಒಂದೇ ಆನೆ ಮೇಲೆ ಮುಂದೆ ಸುಲ್ತಾನ, ಹಿಂದೆ ಇಖ್ಲಾಸ್ ಖಾನ್, ಬಿಜಾಪುರದ ಕಲಾವಿದರೇ ಬರೆದದ್ದು. ಮುಖದ ಕಂದು ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಡ್ರಾಯಿಂಗ್ ಸರ್ ನೋಡಲೇಬೇಕು. ನೆರೆಯ ಅಹ್ಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಮೊಘಲರಿಗೇ ಸೆಡ್ಡು ಹೊಡೆದವನು. 1626ರಲ್ಲಿ ತೀರಿಕೊಂಡ.

ಇವರು ಖಾನಾಪುರದ ಸಿದ್ದಿಗಳ ಅಜ್ಜಂದಿರು ಅಂತ ಹೇಳಬೇಡಿ, ಬಂದ ದಾರಿ ಬೇರೆ ಬೇರೆ. ಆದರೆ ಮೂರನೇ ಪುಸ್ತಕಕ್ಕೆ ಆನೆ ಮೇಲಿನ ವಜೀರ ಇರಲಿ. ನಮ್ಮ ವಿಜಯಪುರದ ಮಕ್ಕಳಿಗೂ ಅದು ಬೇಕು.

ಬೆಳಗಾವಿ_ಪ್ರೆಸ್

ಅಚ್ಚಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ನಾಲ್ಕು ಎ4 ಹಾಳೆ ಮಧ್ಯಕ್ಕೆ ಮಡಚಿದರೆ 16 ಪುಟ, ಸಣ್ಣ ಮಕ್ಕಳಿಗೆ ಅಷ್ಟು ಸಾಕು. ಮೊದಲೇ 500 ಪ್ರತಿ ಹಾಕಿಸಬೇಡಿ. ಝೆರಾಕ್ಸ್ ಅಂಗಡಿಯಲ್ಲಿ 10 ಪ್ರತಿ ತೆಗೆಸಿ, ಮಕ್ಕಳ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆ ನೋಡಿ, ತಿದ್ದಿ, ಆಮೇಲೆ ನಮ್ಮಂಥವರ ಹತ್ತಿರ ಬನ್ನಿ.

ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಯುನಿಕೋಡ್. ಬಹಳ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಎಂಬ ಹಳೇ ಸಾಫ್ಟ್‌ವೇರ್, ಯುನಿಕೋಡ್ ಅಲ್ಲದ ನುಡಿ ಫಾಂಟು. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ಬಿಟ್ಟು ಹೋಗುತ್ತವೆ. ಹೊಸದಾಗಿ ಓದುವ ಮಗುವಿಗೆ ಅದು ತಪ್ಪು ಅಂತ ಗೊತ್ತಾಗುವುದಿಲ್ಲ, ತನಗೇ ಓದಲು ಬರುವುದಿಲ್ಲ ಅಂದುಕೊಳ್ಳುತ್ತದೆ. ಪ್ರೂಫನ್ನು ಕಾಗದದ ಮೇಲೆ ತೆಗೆಸಿ ಓದಿ, ಸ್ಕ್ರೀನಿನ ಮೇಲೆ ಬೇಡ. ಡ್ರಾಯಿಂಗ್ ಸರ್ ಹೇಳಿದ ಕಂದು ಬಣ್ಣ ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದದ ಮೇಲೆ ಇನ್ನೂ ಗಾಢವಾಗುತ್ತದೆ, ಕಾಗದ ಇಂಕು ಕುಡಿಯುತ್ತದೆ. ಅದಕ್ಕೆ ಕಂಪ್ಯೂಟರಿನಲ್ಲಿ ಮುಖವನ್ನು ಸ್ವಲ್ಪ ತಿಳಿ ಮಾಡಿ ಒಂದು ಟೆಸ್ಟ್ ಪ್ರಿಂಟ್ ನೋಡಲೇಬೇಕು.

ದಕ್ಷಿಣ ಆಫ್ರಿಕಾದಲ್ಲಿ ನಲಿಬಾಲಿ ಅಂತ 2012ರಿಂದ ಓದಿನ ಅಭಿಯಾನ ಇದೆ. ಅವರು ಪೇಪರಿನ ಜೊತೆ ಎರಡು ಭಾಷೆಯ ಕತೆ ಪುರವಣಿ ಕೊಟ್ಟಿದ್ದಾರೆ, ಮಕ್ಕಳೇ ಕತ್ತರಿಸಿ ಮಡಚಿದರೆ ಪುಸ್ತಕ. ತಾನು ಮಡಚಿದ ಪುಸ್ತಕವನ್ನು ಮಗು ಬಿಡುವುದಿಲ್ಲ. ನೀವೂ ಹಾಳೆ ಹಾಗೇ ಕೊಟ್ಟು ಮಕ್ಕಳ ಕೈಯಲ್ಲೇ ಮಡಚಿಸಿ. ಪಿನ್ ಹೊಡೆಯಬೇಡಿ, ಸಣ್ಣ ಬೆರಳಿಗೆ ಚುಚ್ಚುತ್ತದೆ. ಬೆನ್ನಿಗೆ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಿರಿ.

ಖಾನಾಪುರ_ಟೀಚರ್

ಎಲ್ಲರ ಮಾತೂ ಓದಿದೆ. ಘಟ್ಟದ ಹುಡುಗಿ, ನೀನು ಬರೆದದ್ದನ್ನು ಮೂರು ಸಲ ಓದಿದೆ. ಮೊದಲ ಪುಸ್ತಕ ಕೌದಿಯದ್ದೇ. ಆಫ್ರಿಕಾ ಅನ್ನುವ ಪದ ಅದರಲ್ಲಿ ಇರುವುದಿಲ್ಲ.

ನಿನ್ನೆ ಆ ಹುಡುಗಿಯ ಮನೆಗೆ ಹೋಗಿದ್ದೆ. ಅಜ್ಜಿ ಜಗಲಿ ಮೇಲೆ ಹೊಸ ಕೌದಿ ಹಾಸಿಕೊಂಡು ಕೂತಿದ್ದರು. ನಾನು ನಡುವಿನಿಂದ ಹೊಲಿಯುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ, ಒಂದು ಮೂಲೆಯಿಂದ ಶುರು ಮಾಡಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾರೆ, ನಡುವಿಗೆ ಬಂದರೆ ಕೌದಿ ಮುಗಿಯಿತು. ಪುಸ್ತಕವೂ ಹೀಗೇ ಹೋಗಲಿ ಅನ್ನಿಸಿತು. ಒಂದು ಪುಟಕ್ಕೆ ಒಂದು ತುಂಡು: ಅಪ್ಪನ ಅಂಗಿ, ಚಿಕ್ಕಮ್ಮನ ಸೀರೆ, ಶಾಲೆಯ ಹಳೇ ಯೂನಿಫಾರ್ಮು. ಎರಡು ಪುಟಕ್ಕೊಮ್ಮೆ "ಅಜ್ಜಿ, ಇದು ಯಾರದು?" ಅನ್ನುವ ಸಾಲು ಬರಲಿ, ಎಲ್ಲರೂ ಕೂಗಲಿ. ನಡುವಿನ ಪುಟದಲ್ಲಿ ಹುಡುಗಿ ಕೌದಿ ಹೊದ್ದು ಮಲಗಿರುತ್ತಾಳೆ.

ಪುಸ್ತಕ ಹೊಲಿಯಲು ದಾರ ಕೊಡುತ್ತೀರಾ ಅಜ್ಜಿ ಅಂತ ಕೇಳಿದೆ. ತಾವೇ ಶಾಲೆಗೆ ಬಂದು ಹೊಲಿದುಕೊಡುತ್ತಾರಂತೆ, 23 ಪ್ರತಿಯನ್ನೂ. ಮೂಲೆಗೆ ಫುಲ ಹಚ್ಚಬೇಕಾ ಅಂತ ನನ್ನನ್ನೇ ಕೇಳಿದರು. ಹಚ್ಚಿ ಅಂದೆ.

ತಂಗೀ, ಒಂದೇ ಕೇಳಬೇಕಿತ್ತು. ಆ ಹುಡುಗಿ "ಫುಲ" ಅನ್ನುತ್ತಾಳೆ, ಅಜ್ಜಿಯ ಬಾಯಲ್ಲಿ ಕೊನೆಗೆ ಸ್ವಲ್ಪ ಎಳೆದ ಹಾಗೆ ಕೇಳಿಸಿತು. ನಿಮ್ಮ ಮನೆಯಲ್ಲಿ ಹೇಗೆ ಅನ್ನುತ್ತೀರಿ? ಪುಟದ ಮೇಲೆ ದೀರ್ಘ ಹಾಕಲಾ, ಬೇಡವಾ?